ಲಿನಕ್ಸ್‌ನಲ್ಲಿ ಡ್ರೈವರ್ ಲೋಡ್ ಆಗ್ತಿಲ್ವಾ? ಡಿಪೆಂಡೆನ್ಸಿ ಬಗ್ಗೆ ಪದೇ ಪದೇ ಕೇಳೋ ಪ್ರಶ್ನೆಗಳು

ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕ್ಕೊಂಡವರು, ಕಾಲೇಜ್ ಪ್ರಾಜೆಕ್ಟ್‌ಗೆ ಬೋರ್ಡ್ ತಂದವರು, ಊರ ಶಾಲೆಯ ಕಂಪ್ಯೂಟರ್ ನೋಡ್ಕೊಳ್ಳೋ ಮೇಷ್ಟ್ರುಗಳು, ಹೀಗೆ ಬೇರೆ ಬೇರೆಯವರು ಫೋನಲ್ಲೋ ಮೆಸೇಜಲ್ಲೋ ಕೇಳಿದ ಪ್ರಶ್ನೆಗಳಿವು, ಆದಷ್ಟು ಅವರ ಮಾತಲ್ಲೇ ಇಟ್ಟಿದೀನಿ. ಕಮಾಂಡ್‌ಗಳನ್ನ ಫೋನಲ್ಲಿ ಓದಿ ಹೇಳೋ ಹಾಗೆ ಕನ್ನಡದಲ್ಲೇ ಬರ್ದಿದೀನಿ, ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣ ಅಕ್ಷರದಲ್ಲಿ ಹೊಡೀರಿ. ಚೆನ್ನಾಗಿರೋ ಹಾರ್ಡ್‌ವೇರನ್ನ "ಇದು ಲಿನಕ್ಸ್‌ಗೆ ಆಗಲ್ಲ" ಅಂತ ಮೂಲೆಗೆ ಎಸೆಯೋದು ನೋಡಿದ್ರೆ ನಂಗೆ ನಿಜವಾಗ್ಲೂ ಸಂಕಟ ಆಗತ್ತೆ, ಯಾಕಂದ್ರೆ ಎಷ್ಟೋ ಸಲ ಕೊರತೆ ಇರೋದು ಒಂದೇ ಒಂದು ಸಣ್ಣ ಫೈಲ್‌ದು, ಅದರ ಹೆಸರನ್ನ ಕರ್ನಲ್, ಅಂದ್ರೆ ಲಿನಕ್ಸ್‌ನ ತಿರುಳು, ಆಗ್ಲೇ ಹೇಳಿರತ್ತೆ, ನಾವು ಓದಿರಲ್ಲ ಅಷ್ಟೇ.

## ಶುರುವಿನ ಪ್ರಶ್ನೆಗಳು

ಡ್ರೈವರ್ ಅಂದ್ರೆ ಒಂದು ಫೈಲ್ ಅಲ್ವಾ? ಅದಕ್ಕೆ ಡಿಪೆಂಡೆನ್ಸಿ ಎಲ್ಲಿಂದ ಬಂತು?

ಒಂದು ಡ್ರೈವರ್ ಎಲ್ಲಾ ಕೆಲಸಾನೂ ತಾನೇ ಮಾಡಲ್ಲ. ಇಂಟೆಲ್ ವೈಫೈ ಕಾರ್ಡನ್ನೇ ತಗೊಳ್ಳಿ, ಅದರಲ್ಲಿ ಐಡಬ್ಲ್ಯೂಎಲ್‌ಎಂವಿಎಂ ಅಂತ ಒಂದು ಮಾಡ್ಯೂಲ್ (ಕರ್ನಲ್‌ಗೆ ಬೇಕಾದಾಗ ಸೇರಿಸೋ ತುಂಡು), ಅದು ಐಡಬ್ಲ್ಯೂಎಲ್‌ವೈಫೈ ಮತ್ತೆ ಮ್ಯಾಕ್80211 ಮೇಲೆ ನಿಂತಿರತ್ತೆ, ಮ್ಯಾಕ್80211 ಹೋಗಿ ಸಿಎಫ್‌ಜಿ80211 ಮೇಲೆ, ಅದು ಆರ್‌ಎಫ್‌ಕಿಲ್ ಮೇಲೆ. ವೈಫೈನ ಸಾಮಾನ್ಯ ಕೆಲಸಗಳೆಲ್ಲ ಎಲ್ಲಾ ಕಂಪನಿ ಕಾರ್ಡ್‌ಗೂ ಒಂದೇ ಆದ್ರಿಂದ ಅದನ್ನ ಒಂದ್ಕಡೆ ಬರ್ದಿಟ್ಟು ಉಳಿದವರು ಬಳಸ್ಕೋತಾರೆ. ಒಂದು ಮಾಡ್ಯೂಲ್ ತನ್ನ ಫಂಕ್ಷನ್‌ಗಳನ್ನ ಬೇರೆಯವರಿಗೆ ಅಂತ ಹೊರಗೆ ಕೊಡತ್ತೆ, ಅದಕ್ಕೆ ಎಕ್ಸ್‌ಪೋರ್ಟ್ ಮಾಡೋದು ಅಂತಾರೆ, ಹಾಗೆ ಕೊಟ್ಟ ಹೆಸರೇ ಸಿಂಬಲ್. ಬೇಕಾದ ಸಿಂಬಲ್ ಕರ್ನಲ್‌ನಲ್ಲಿ ಆ ಹೊತ್ತಿಗೆ ಇಲ್ಲ ಅಂದ್ರೆ ನಿಮ್ಮ ಡ್ರೈವರ್ ಒಳಗೇ ಬರಲ್ಲ.

ಇದು ಒಂದು ಥರದ ಡಿಪೆಂಡೆನ್ಸಿ. ಇದಲ್ಲದೆ ಫರ್ಮ್‌ವೇರ್ ಫೈಲ್, ಬಿಲ್ಡ್ ಮಾಡೋಕೆ ಹೆಡರ್‌ಗಳು (ಕರ್ನಲ್‌ನ ಫಂಕ್ಷನ್‌ಗಳ ವಿವರ ಇರೋ ಫೈಲ್‌ಗಳು), ಸೆಕ್ಯೂರ್ ಬೂಟ್ (ಸಹಿ ಇಲ್ಲದ ಕೋಡ್ ತಡೆಯೋ ವ್ಯವಸ್ಥೆ) ಇದ್ರೆ ಸಹಿ, ಬೋರ್ಡ್‌ಗಳಲ್ಲಿ ಕ್ಲಾಕು ರೆಗ್ಯುಲೇಟರು, ಇವೂ ಡ್ರೈವರ್‌ಗೆ ಬೇಕಾಗೋವೇ. ಎಲ್ಲದಕ್ಕೂ ಎರರ್ ಬೇರೆ, ಮದ್ದು ಬೇರೆ.

ವೈಫೈ ಬರ್ತಿಲ್ಲ, ಯಾವ್ದೋ ಡ್ರೈವರ್ ಇಲ್ಲ ಅನ್ಸತ್ತೆ. ಯಾವುದು ಇಲ್ಲ ಅಂತ ಹೇಗ್ ಸಾರ್ ಕಂಡುಹಿಡಿಯೋದು?

ಮೊದಲು ಎಲ್‌ಎಸ್‌ಪಿಸಿಐ -ಕೆ ಹೊಡೀರಿ, ಯುಎಸ್‌ಬಿ ಸಾಮಾನಾದ್ರೆ ಎಲ್‌ಎಸ್‌ಯುಎಸ್‌ಬಿ -ಟಿ. ನಿಮ್ಮ ಕಾರ್ಡಿನ ಕೆಳಗೆ "ಕರ್ನಲ್ ಡ್ರೈವರ್ ಇನ್ ಯೂಸ್" ಅಂತ ಸಾಲು ಇದ್ಯಾ ನೋಡಿ. "ಕರ್ನಲ್ ಮಾಡ್ಯೂಲ್ಸ್" ಸಾಲು ಇದ್ದು "ಇನ್ ಯೂಸ್" ಇಲ್ದೇ ಹೋದ್ರೆ ಡ್ರೈವರ್ ಡಿಸ್ಕ್‌ನಲ್ಲಿದೆ, ಹತ್ತಿಲ್ಲ ಅಂತ ಅರ್ಥ. ಎರಡೂ ಇಲ್ಲ ಅಂದ್ರೆ ಈ ಕರ್ನಲ್‌ಗೆ ಆ ಕಾರ್ಡಿನ ಪರಿಚಯಾನೇ ಇಲ್ಲ.

ಆಮೇಲೆ ಕರ್ನಲ್‌ನ ಸಂದೇಶಗಳನ್ನ ಓದೋಕೆ ಸುಡೊ ಡಿಮೆಸೇಜ್, ಟೈಪ್ ಮಾಡೋವಾಗ ಡಿ ಎಂ ಇ ಎಸ್ ಜಿ ಅಷ್ಟೇ. ಇಲ್ಲಿ ಎಲ್ಲರೂ ಮಾಡೋ ತಪ್ಪು ಕೊನೇ ಸಾಲು ಮಾತ್ರ ಓದೋದು. ಕೊನೇ ಸಾಲಲ್ಲಿ "ಪ್ರೋಬ್ ಫೇಲ್ಡ್" ಅಂತ ಇರತ್ತೆ, ಅದರಿಂದ ಏನೂ ಗೊತ್ತಾಗಲ್ಲ. ಆ ಡ್ರೈವರ್ ಹೆಸರು ಮೊಟ್ಟಮೊದಲು ಬಂದ ಜಾಗಕ್ಕೆ ಮೇಲೆ ಹೋಗಿ, ಅಲ್ಲಿಂದ ಬರೋ ಮೊದಲನೇ ದೂರು ಏನಿದ್ಯೋ ಅದನ್ನ ಓದಿ. ನಂಗೆ ಸ್ಕ್ರೀನ್‌ಶಾಟ್ ಕಳಿಸೋದಾದ್ರೂ ಆ ಭಾಗದ್ದೇ ಕಳಿಸಿ.

ಇನ್ಸ್‌ಮಾಡ್ ಹಾಕಿದ್ರೆ "ಅನ್‌ನೋನ್ ಸಿಂಬಲ್ ಇನ್ ಮಾಡ್ಯೂಲ್" ಅಂತ ಬರ್ತಿದೆ, ಫೈಲ್ ಸರಿಯಾಗೇ ಇದೆ, ಏನ್ ಮಾಡೂದ್ರಿ?

ಇದನ್ನ ಜಾಸ್ತಿ ಕೇಳೋದು ಇಂಜಿನಿಯರಿಂಗ್ ಹುಡುಗರು, ಕಡಿಮೆ ಬೆಲೆಯ ಆರ್ಡುಯಿನೋ ಥರದ ಬೋರ್ಡ್ ತಂದಾಗ. ಅದರಲ್ಲಿರೋ ಚಿಪ್‌ಗೆ ಬೇಕಾಗೋದು ಸಿಎಚ್341 ಮಾಡ್ಯೂಲ್. ಅದರ ಡಾಟ್ ಕೆಒ ಫೈಲ್ ಹುಡುಕಿ ನೇರ ಇನ್ಸ್‌ಮಾಡ್ ಮಾಡ್ತಾರೆ, ಡಿಮೆಸೇಜ್ ನೋಡಿದ್ರೆ "ಅನ್‌ನೋನ್ ಸಿಂಬಲ್ ಯುಎಸ್‌ಬಿ_ಸೀರಿಯಲ್_ರಿಜಿಸ್ಟರ್_ಡ್ರೈವರ್ಸ್" ಅಂತ ಇರತ್ತೆ. ಹೆಸರಲ್ಲೇ ಉತ್ತರ ಇದೆ, ಯುಎಸ್‌ಬಿಸೀರಿಯಲ್ ಅನ್ನೋ ಮಾಡ್ಯೂಲ್ ಮೊದಲು ಒಳಗಿರಬೇಕಿತ್ತು.

ಇನ್ಸ್‌ಮಾಡ್ ಕೊಟ್ಟ ಫೈಲನ್ನ ಮಾತ್ರ ಕರ್ನಲ್‌ಗೆ ಕೊಡತ್ತೆ, ಅದಕ್ಕೆ ಇನ್ನೇನು ಬೇಕು ಅಂತ ಯೋಚಿಸಲ್ಲ. ಮಾಡ್‌ಪ್ರೋಬ್ ಹಾಗಲ್ಲ, ಮಾಡ್ಯೂಲ್ಸ್.ಡೆಪ್ ಅನ್ನೋ ಪಟ್ಟಿ ನೋಡಿ ಬೇಕಾದವನ್ನೆಲ್ಲ ಸರಿಯಾದ ಕ್ರಮದಲ್ಲಿ ಹಾಕತ್ತೆ. ಸುಡೊ ಮಾಡ್‌ಪ್ರೋಬ್ ಸಿಎಚ್341 ಅಂದ್ರೆ ಮುಗೀತು, ಪಾಥೂ ಬೇಡ, ಡಾಟ್ ಕೆಒನೂ ಬೇಡ. ಹಾಕೋಕೆ ಮುಂಚೆ ನೋಡ್ಬೇಕು ಅಂದ್ರೆ ಮಾಡ್‌ಪ್ರೋಬ್ --ಶೋ-ಡಿಪೆಂಡ್ಸ್ ಸಿಎಚ್341, ಯಾವ ಯಾವ ಫೈಲ್ ಯಾವ ಕ್ರಮದಲ್ಲಿ ಅಂತ ಸಾಲಾಗಿ ತೋರ್ಸತ್ತೆ. ಸಿಂಬಲ್ ಹೆಸರು ಗೊತ್ತು, ಅದನ್ನ ಕೊಡೋ ಮಾಡ್ಯೂಲ್ ಯಾವುದು ಗೊತ್ತಿಲ್ಲ ಅಂದ್ರೆ /ಲಿಬ್/ಮಾಡ್ಯೂಲ್ಸ್ ಕೆಳಗೆ ನಿಮ್ಮ ಕರ್ನಲ್ ಆವೃತ್ತಿಯ ಡೈರೆಕ್ಟರಿಲಿ ಮಾಡ್ಯೂಲ್ಸ್.ಸಿಂಬಲ್ಸ್ ಅಂತ ಫೈಲ್ ಇದೆ, ಅದರಲ್ಲಿ ಗ್ರೆಪ್ ಮಾಡಿ (ಆ ಹೆಸರು ಹುಡುಕಿ), ಪಕ್ಕದಲ್ಲೇ ಮಾಡ್ಯೂಲ್ ಹೆಸರಿರತ್ತೆ.

ಇನ್ನೂ ಒಂದು ಮಾತು, ಕೆಲವು ಹಳೇ ನೋಟ್ಸ್‌ಗಳಲ್ಲಿ ಡ್ರೈವರ್ ಫೈಲ್ ಡಾಟ್ ಒ ಅಂತ ಮುಗಿಯತ್ತೆ, ಅದು 2.4 ಕಾಲದ್ದು. 2003ರ ಡಿಸೆಂಬರ್‌ನಲ್ಲಿ ಬಂದ 2.6ರಿಂದ ಡಾಟ್ ಕೆಒ. ಈಗಿನವು ಕಂಪ್ರೆಸ್ ಆಗಿದ್ರೆ ಅದರ ಮುಂದೆ ಎಕ್ಸ್‌ಝೆಡ್, ಝೆಡ್‌ಎಸ್‌ಟಿ ಅಂತಾನೂ ಇರತ್ತೆ, ಗಾಬರಿ ಆಗ್ಬೇಡಿ.

ಬೋರ್ಡ್ ಚುಚ್ಚಿದ ತಕ್ಷಣ ಪೋರ್ಟ್ ಬರತ್ತೆ, ಒಂದೇ ಸೆಕೆಂಡಲ್ಲಿ ಹೋಗ್ಬಿಡತ್ತೆ. ಇದೂ ಡಿಪೆಂಡೆನ್ಸಿನಾ?

ಅಲ್ಲ, ಆದ್ರೆ ಅದೇ ಸಿಎಚ್341 ಚಿಪ್‌ನವರೇ ಕೇಳೋದ್ರಿಂದ ಇಲ್ಲೇ ಹೇಳ್ಬಿಡ್ತೀನಿ. ಉಬುಂಟು 22.04ರಲ್ಲಿ ಬಿಆರ್‌ಎಲ್‌ಟಿಟಿವೈ ಅಂತ ಒಂದು ಸರ್ವೀಸ್ ಇದೆ, 1ಎ86:7523 ಐಡಿ ನೋಡಿ ಇದು ಬ್ರೈಲ್ ಡಿಸ್‌ಪ್ಲೇ ಅಂದ್ಕೊಂಡು ಪೋರ್ಟನ್ನ ಕಿತ್ಕೊಳ್ಳತ್ತೆ. ಡಿಮೆಸೇಜಲ್ಲಿ ಅದರ ಹೆಸರು ಕಾಣತ್ತೆ. ಪ್ಯಾಕೇಜ್ ತೆಗೆದ್ರೆ ಸರಿಹೋಗತ್ತೆ, ಆದ್ರೆ ದೃಷ್ಟಿ ಇಲ್ಲದವರು ಆ ಮಷಿನ್ ಬಳಸ್ತಾರೆ ಅಂದ್ರೆ ದಯವಿಟ್ಟು ತೆಗೀಬೇಡಿ, ಯುಡೆವ್ (ಸಾಮಾನು ಚುಚ್ಚಿದಾಗ ಏನು ಮಾಡ್ಬೇಕು ಅಂತ ನೋಡ್ಕೊಳ್ಳೋದು) ರೂಲ್‌ನಲ್ಲಿ ಆ ಒಂದು ಐಡಿ ಸಾಲನ್ನ ಮಾತ್ರ ನಿಲ್ಸಿ. ಲ್ಯಾಬ್ ಕಂಪ್ಯೂಟರ್ ಆದ್ರೆ ಕೇಳ್ಕೊಂಡು ಮಾಡಿ.

ಫೈಲ್ ಕಣ್ಣೆದುರಿಗೇ ಇದೆ, ಆದ್ರೂ ಮಾಡ್‌ಪ್ರೋಬ್ "ಮಾಡ್ಯೂಲ್ ನಾಟ್ ಫೌಂಡ್" ಅನ್ನತ್ತೆ, ಯಾಕೆ?

ಮಾಡ್‌ಪ್ರೋಬ್ ಡೈರೆಕ್ಟರಿ ಹುಡುಕಲ್ಲ, ಪಟ್ಟಿ ಹುಡುಕತ್ತೆ. ನೀವು ಡಾಟ್ ಕೆಒ ಫೈಲನ್ನ ಕಾಪಿ ಮಾಡಿ ಹಾಕಿದ್ರಿ, ಪಟ್ಟಿಗೆ ಸೇರ್ಸಿಲ್ಲ. ಸುಡೊ ಡಿಪ್‌ಮಾಡ್ -ಎ ಹೊಡೆದ್ರೆ ಎಲ್ಲಾ ಮಾಡ್ಯೂಲ್‌ಗಳ ಸಿಂಬಲ್ ಓದಿ ಪಟ್ಟಿ ಹೊಸದಾಗಿ ಕಟ್ಟತ್ತೆ. ಅದಾದ್ಮೇಲೂ ಸಿಗ್ತಿಲ್ಲ ಅಂದ್ರೆ ಓಡ್ತಿರೋ ಕರ್ನಲ್‌ನ ಆವೃತ್ತಿ ತೋರಿಸೋ ಯುನೇಮ್ -ಆರ್ ಏನು ಹೇಳತ್ತೆ ನೋಡಿ, /ಲಿಬ್/ಮಾಡ್ಯೂಲ್ಸ್ ಕೆಳಗೆ ನೀವು ಫೈಲ್ ಇಟ್ಟ ಡೈರೆಕ್ಟರಿ ಹೆಸರು ಅದಕ್ಕೆ ಅಕ್ಷರ ಅಕ್ಷರ ಸರಿಹೊಂದ್ಬೇಕು.

ಅಪ್‌ಡೇಟ್ ಮಾಡಿದ್ಮೇಲೆ ಪೆನ್‌ಡ್ರೈವ್ ಕೂಡ ಓಪನ್ ಆಗ್ತಿಲ್ಲ ಮಾರಾಯ್ರೆ, ಎಲ್ಲಾ ಹಾಳಾಯ್ತಾ?

ಏನೂ ಹಾಳಾಗಿಲ್ಲ, ಒಂದ್ಸಲ ರೀಬೂಟ್ ಮಾಡಿ. ಆರ್ಚ್ ಬಳಸೋರಿಗೆ ಇದು ಮಾಮೂಲು. ಅಪ್‌ಡೇಟ್ ಆದಾಗ ಹಳೇ ಕರ್ನಲ್‌ನ ಮಾಡ್ಯೂಲ್ ಡೈರೆಕ್ಟರಿ ಅಳಿಸಿ ಹೋಗತ್ತೆ, ಆದ್ರೆ ಓಡ್ತಿರೋದು ಇನ್ನೂ ಹಳೇ ಕರ್ನಲ್ಲೇ. ಆಗ್ಲೇ ಲೋಡ್ ಆಗಿದ್ದ ಡ್ರೈವರ್‌ಗಳು ಮೆಮೊರಿಯಲ್ಲಿ ಆರಾಮಾಗಿ ಇರ್ತವೆ, ಹೊಸದಾಗಿ ವಿಫ್ಯಾಟ್ (ಪೆನ್‌ಡ್ರೈವ್ ಓದೋಕೆ ಬೇಕಾದ ಮಾಡ್ಯೂಲ್) ಬೇಕು ಅಂದಾಗ ಹುಡುಕೋ ಜಾಗಾನೇ ಇರಲ್ಲ.

ಎಲ್‌ಎಸ್‌ಮಾಡ್‌ನಲ್ಲಿ (ಲೋಡ್ ಆಗಿರೋ ಮಾಡ್ಯೂಲ್‌ಗಳ ಪಟ್ಟಿ) ಡ್ರೈವರ್ ಕಾಣ್ತಿದೆ, ಆದ್ರೂ ಕೆಲಸ ಮಾಡ್ತಿಲ್ಲ, "ಎರರ್ ಮೈನಸ್ 2" ಅಂತ ಏನೋ ಬರ್ತಿದೆ

ಮೈನಸ್ 2 ಅಂದ್ರೆ "ಆ ಫೈಲ್ ಇಲ್ಲ" ಅಷ್ಟೇ. ಸಾಲಿನಲ್ಲಿ "ಡೈರೆಕ್ಟ್ ಫರ್ಮ್‌ವೇರ್ ಲೋಡ್ ಫಾರ್" ಅಂತ ಇದ್ರೆ ಮುಂದೆ ಬರೋದೇ ಫೈಲ್ ಹೆಸರು, /ಲಿಬ್/ಫರ್ಮ್‌ವೇರ್ ಕೆಳಗೆ ಅದು ಇರಬೇಕಿತ್ತು. ಫರ್ಮ್‌ವೇರ್ ಓಡೋದು ನಿಮ್ಮ ಪ್ರೊಸೆಸರ್‌ನಲ್ಲಿ ಅಲ್ಲ, ಕಾರ್ಡಿನೊಳಗಿನ ಚಿಪ್‌ನಲ್ಲಿ, ಡ್ರೈವರ್ ಅದನ್ನ ಡಿಸ್ಕ್‌ನಿಂದ ತಗೊಂಡು ಕಾರ್ಡಿಗೆ ತುಂಬತ್ತೆ. ಹಾಗಾಗಿ ಡ್ರೈವರ್ ಪೂರ್ತಿ ಸರಿಯಿದ್ರೂ ಕಾರ್ಡ್ ಸುಮ್ನೆ ಕೂತಿರತ್ತೆ.

ಇಂಟೆಲ್ ಕಾರ್ಡ್‌ನವರು ಒಂದು ಗಮನದಲ್ಲಿಡಿ. ಆ ಡ್ರೈವರ್ ಹೊಸ ಆವೃತ್ತಿಯ ಫರ್ಮ್‌ವೇರಿಂದ ಶುರು ಮಾಡಿ ಒಂದೊಂದೇ ಸಂಖ್ಯೆ ಕೆಳಗಿಳೀತಾ ಹುಡುಕತ್ತೆ, ಪ್ರತಿ ಸಲ ಸಿಗದಾಗ್ಲೂ ಮೈನಸ್ 2 ಬರೀಬಹುದು. ಕೊನೆಗೆ "ಲೋಡೆಡ್ ಫರ್ಮ್‌ವೇರ್ ವರ್ಷನ್" ಅಂತ ಬಂದಿದ್ರೆ ಮೇಲಿನ ಸಾಲುಗಳಿಗೆ ತಲೆ ಕೆಡಿಸ್ಕೋಬೇಡಿ. "ನೋ ಸೂಟಬಲ್ ಫರ್ಮ್‌ವೇರ್ ಫೌಂಡ್" ಅಂತಿದ್ರೆ ಮಾತ್ರ ನಿಜವಾಗ್ಲೂ ಇಲ್ಲ. ಲಿನಕ್ಸ್-ಫರ್ಮ್‌ವೇರ್ ಪ್ಯಾಕೇಜ್ ಹಾಕಿ, ಡೆಬಿಯನ್‌ನಲ್ಲಾದ್ರೆ ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ, ಫರ್ಮ್‌ವೇರ್-ರಿಯಲ್‌ಟೆಕ್ ಅಂತ ಬೇರೆ ಬೇರೆ ಇವೆ.

ನೆಟ್ ಬರೋಕೆ ಡ್ರೈವರ್ ಬೇಕು, ಡ್ರೈವರ್ ತರೋಕೆ ನೆಟ್ ಬೇಕು, ಈಗೇನು?

ಫೋನನ್ನ ಡೇಟಾ ಕೇಬಲ್‌ನಲ್ಲಿ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ. ಅದಕ್ಕೆ ಬೇಕಾದ ಡ್ರೈವರ್‌ಗಳು ಸಾಮಾನ್ಯ ಡಿಸ್ಟ್ರೋಗಳ ಕರ್ನಲ್ ಜೊತೆಗೇ ಬಂದಿರ್ತವೆ, ಫರ್ಮ್‌ವೇರ್ ಕೇಳಲ್ಲ, ವೈರ್ ಲ್ಯಾನ್ ಸಿಕ್ಕಿದ ಹಾಗೇ ಕಾಣತ್ತೆ. ಫೋನ್ ತಾನು ವೈಫೈಗೆ ಕನೆಕ್ಟ್ ಆಗಿದ್ರೂ ನಡೆಯತ್ತೆ. ಡೆಬಿಯನ್ ಹೊಸದಾಗಿ ಹಾಕೋರು 12 ಅಥವಾ ಅದರ ಮುಂದಿನದ್ದೇ ಹಾಕಿ, 2023ರ ಜೂನ್‌ನಲ್ಲಿ ಬಂದ ಆ ಆವೃತ್ತಿಯಿಂದ ಇನ್‌ಸ್ಟಾಲರ್‌ನಲ್ಲೇ ಫರ್ಮ್‌ವೇರ್ ಸೇರಿದೆ, ಮುಂಚಿನ ಹಾಗೆ ಬೇರೆ ಐಎಸ್‌ಒ ಹುಡುಕೋ ಕಷ್ಟ ಇಲ್ಲ.

## ಸ್ವಲ್ಪ ಮುಂದಿನವು

ಯುಎಸ್‌ಬಿ ವೈಫೈ ಡಾಂಗಲ್ ಹಾಕಿದ್ರೆ ಸಿಡಿ ಡ್ರೈವ್ ಅಂತ ತೋರ್ಸತ್ತೆ, ಡ್ರೈವರ್ ಹಾಕಿದ್ರೂ ಅಷ್ಟೇ

ಡಾಂಗಲ್‌ಗಳಲ್ಲಿ ಕೆಲವು ಮೊದಲು ವಿಂಡೋಸ್ ಡ್ರೈವರ್ ಇರೋ ಸಿಡಿಯಾಗಿ ಕಾಣಿಸ್ಕೊಳ್ತವೆ. ಎಲ್‌ಎಸ್‌ಯುಎಸ್‌ಬಿಯಲ್ಲಿ 0ಬಿಡಿಎ:1ಎ2ಬಿ ಅಂತ ಐಡಿ ಕಂಡ್ರೆ ಅದು ರಿಯಲ್‌ಟೆಕ್ ಚಿಪ್ ಆ ವೇಷದಲ್ಲಿದೆ. ಯುಎಸ್‌ಬಿ-ಮೋಡ್‌ಸ್ವಿಚ್ ಪ್ಯಾಕೇಜ್ ಹಾಕಿ, ಡಾಂಗಲ್ ತೆಗೆದು ಚುಚ್ಚಿ, ಅಥವಾ ಫೈಲ್ ಮ್ಯಾನೇಜರ್‌ನಲ್ಲಿ ಆ ಸಿಡಿಯನ್ನ ಇಜೆಕ್ಟ್ ಮಾಡಿದ್ರೂ ಎಷ್ಟೋ ಸಲ ಸಾಕು. ಐಡಿ ಬದಲಾದ್ಮೇಲೆ ನಿಜವಾದ ಡ್ರೈವರ್ ಹುಡುಕಾಟ ಶುರುವಾಗತ್ತೆ. 8821ಸಿಯು, 8822ಬಿಯು ಥರದ ಚಿಪ್‌ಗಳಿಗೆ 6.2 ಕರ್ನಲ್‌ನಿಂದ ಆರ್‌ಟಿಡಬ್ಲ್ಯೂ88 ಡ್ರೈವರ್‌ನಲ್ಲೇ ಬೆಂಬಲ ಇದೆ, ಅದಕ್ಕಿಂತ ಹೊಸ ಕರ್ನಲ್ ಇದ್ರೆ ಹೊರಗಿನ ಡ್ರೈವರ್ ಹುಡುಕೋಕೆ ಮುಂಚೆ ಅದನ್ನೇ ನೋಡಿ.

ಗಿಟ್‌ಹಬ್‌ನಿಂದ ಡ್ರೈವರ್ ಇಳಿಸಿ ಮೇಕ್ ಹೊಡೆದ್ರೆ "ಬಿಲ್ಡ್: ನೋ ಸಚ್ ಫೈಲ್ ಆರ್ ಡೈರೆಕ್ಟರಿ"

ಹೆಡರ್ ಇಲ್ಲ. ಮಾಡ್ಯೂಲ್ ಡೈರೆಕ್ಟರಿಲಿ ಬಿಲ್ಡ್ ಅಂತ ಒಂದು ಲಿಂಕ್ ಇರತ್ತೆ, ಅದು ಕರ್ನಲ್ ಹೆಡರ್ ಇರೋ ಕಡೆ ಬೊಟ್ಟು ಮಾಡತ್ತೆ, ಪ್ಯಾಕೇಜ್ ಹಾಕಿಲ್ಲ ಅಂದ್ರೆ ಆ ಕಡೆ ಏನೂ ಇಲ್ಲ. ಉಬುಂಟು, ಡೆಬಿಯನ್‌ನಲ್ಲಿ ಲಿನಕ್ಸ್-ಹೆಡರ್ಸ್ ಅಂತ ಬರೆದು ಮುಂದೆ ಡ್ಯಾಶ್ ಹಾಕಿ ಯುನೇಮ್ -ಆರ್ ಕೊಟ್ಟ ಹೆಸರು ಸೇರ್ಸಿ, ಫೆಡೋರಾದಲ್ಲಿ ಕರ್ನಲ್-ಡೆವೆಲ್. ಉಬುಂಟು, ಡೆಬಿಯನ್‌ನವರಿಗೆ ಜೊತೆಗೆ ಬಿಲ್ಡ್-ಎಸೆನ್ಷಿಯಲ್ಲೂ ಬೇಕು.

ಕಷ್ಟಪಟ್ಟು ಹಾಕಿದ ಡ್ರೈವರ್ ಪ್ರತಿ ಅಪ್‌ಡೇಟ್‌ಗೂ ಮಾಯ ಆಗತ್ತೆ, ಪ್ರತಿ ಸಲ ಮೇಕ್ ಮಾಡ್ಬೇಕಾ?

ಬೇಡ, ಡಿಕೆಎಂಎಸ್ ಇರೋದೇ ಅದಕ್ಕೆ. ಡೆಲ್‌ನವರು ಶುರು ಮಾಡಿದ್ದು ಅದು, ಡ್ರೈವರ್‌ನ ಸೋರ್ಸನ್ನ ಇಟ್ಕೊಂಡು ಹೊಸ ಕರ್ನಲ್ ಬಂದಾಗೆಲ್ಲ ತಾನೇ ಬಿಲ್ಡ್ ಮಾಡಿ ಹಾಕತ್ತೆ. ಆದ್ರೆ ಡಿಕೆಎಂಎಸ್ ಹಾಕ್ಕೊಂಡೂ ಇದೇ ಗೋಳು ಹೇಳೋರಿದಾರೆ, ಅಲ್ಲಿ ಆಗಿರೋದೇನಂದ್ರೆ ಆವತ್ತಿನ ಕರ್ನಲ್‌ನ ಹೆಡರ್ ಮಾತ್ರ ಹಾಕಿರ್ತಾರೆ, ಹೊಸ ಕರ್ನಲ್ ಬಂದಾಗ ಅದರ ಹೆಡರ್ ಬಂದಿರಲ್ಲ, ಡಿಕೆಎಂಎಸ್‌ಗೆ ಬಿಲ್ಡ್ ಮಾಡೋಕೆ ಏನೂ ಇರಲ್ಲ. ಅದಕ್ಕೆ ಉಬುಂಟುದಲ್ಲಿ ಲಿನಕ್ಸ್-ಹೆಡರ್ಸ್-ಜೆನೆರಿಕ್, ಡೆಬಿಯನ್‌ನಲ್ಲಿ ಲಿನಕ್ಸ್-ಹೆಡರ್ಸ್-ಎಎಂಡಿ64 ಅನ್ನೋ ಮೆಟಾ ಪ್ಯಾಕೇಜ್ ಹಾಕಿಡಿ, ಕರ್ನಲ್ ಜೊತೆಗೇ ಹೆಡರ್ ಬರ್ತಾ ಹೋಗತ್ತೆ. ಡಿಕೆಎಂಎಸ್ ಸ್ಟೇಟಸ್ ಹೊಡೆದು ಹೊಸ ಕರ್ನಲ್ ಎದುರಿಗೆ "ಇನ್‌ಸ್ಟಾಲ್ಡ್" ಅಂತ ಇದ್ಯಾ ನೋಡಿ ಆಮೇಲೆ ರೀಬೂಟ್ ಮಾಡಿ. ಬಿಲ್ಡ್ ಫೇಲ್ ಆಗಿದ್ರೆ /ವರ್/ಲಿಬ್/ಡಿಕೆಎಂಎಸ್ ಕೆಳಗೆ ಆ ಡ್ರೈವರ್‌ನ ಬಿಲ್ಡ್ ಡೈರೆಕ್ಟರಿಲಿ ಮೇಕ್.ಲಾಗ್ ಇರತ್ತೆ, ಅದರಲ್ಲೂ ಮೊದಲನೇ ಎರರ್ ಓದಿ.

"ಇನ್ವ್ಯಾಲಿಡ್ ಮಾಡ್ಯೂಲ್ ಫಾರ್ಮ್ಯಾಟ್" ಬಂತು, ಫೋರ್ಸ್ ಆಪ್ಷನ್ ಹಾಕಿದ್ರೆ ಹೋಗತ್ತಂತೆ, ಹಾಕ್ಲಾ?

ಹಾಕ್ಬೇಡಿ. ಮಾಡ್ಯೂಲ್ ಬಿಲ್ಡ್ ಆಗಿದ್ದು ಒಂದು ಕರ್ನಲ್‌ಗೆ, ಓಡ್ತಿರೋದು ಇನ್ನೊಂದು. ಮಾಡ್ಯೂಲ್‌ನ ವಿವರ ತೋರಿಸೋ ಮಾಡ್‌ಇನ್ಫೋದಲ್ಲಿ ವರ್‌ಮ್ಯಾಜಿಕ್ ಅನ್ನೋ ಸಾಲು ನೋಡಿ, ಯುನೇಮ್ -ಆರ್ ಜೊತೆ ಹೋಲಿಸಿ, ವ್ಯತ್ಯಾಸ ಕಾಣತ್ತೆ. "ಡಿಸ್‌ಅಗ್ರೀಸ್ ಅಬೌಟ್ ವರ್ಷನ್ ಆಫ್ ಸಿಂಬಲ್" ಅಂತ ಬಂದ್ರೂ ಜಾತಿ ಅದೇ, ಹೆಸರು ಒಂದೇ ಇದ್ರೂ ಒಳಗಿನ ರಚನೆ ಬೇರೆ ಆಗಿದೆ ಅಂತ ಚೆಕ್‌ಸಮ್ ಹೇಳ್ತಿದೆ. ಫೋರ್ಸ್ ಮಾಡಿದ್ರೆ ಆ ಪರೀಕ್ಷೆಯನ್ನೇ ದಾಟಿಸಿ ಒಳಗೆ ತಳ್ಳತ್ತೆ, ಡ್ರೈವರ್ ತಪ್ಪು ಜಾಗದ ಮೆಮೊರಿ ಮುಟ್ಟಿದ್ರೆ ಮಷಿನ್ ನಿಂತ್ಹೋಗಬಹುದು, ಡಿಸ್ಕ್‌ನಲ್ಲಿರೋ ಫೈಲ್‌ಗಳೂ ಕೆಡಬಹುದು. ಈ ಕರ್ನಲ್‌ಗೇ ಮತ್ತೆ ಬಿಲ್ಡ್ ಮಾಡಿ, ಐದು ನಿಮಿಷದ ಕೆಲಸ.

"ರಿಕ್ವೈರ್ಡ್ ಕೀ ನಾಟ್ ಅವೇಲಬಲ್" ಅಂತಿದೆ, ಯಾವ ಕೀ? ಎಲ್ಲಿ ಸಿಗತ್ತೆ?

ಸೆಕ್ಯೂರ್ ಬೂಟ್ ಆನ್ ಇದೆ, ನಿಮ್ಮ ಡ್ರೈವರ್‌ಗೆ ಕರ್ನಲ್ ನಂಬೋ ಸಹಿ ಇಲ್ಲ. ಬಯೋಸ್‌ಗೆ ಹೋಗಿ ಸೆಕ್ಯೂರ್ ಬೂಟ್ ಆಫ್ ಮಾಡೋದು ಎಲ್ಲರೂ ಹೇಳೋ ದಾರಿ, ಆದ್ರೆ ಅದು ಅನಿವಾರ್ಯ ಏನಲ್ಲ. ಉಬುಂಟುದಲ್ಲಿ ಡಿಕೆಎಂಎಸ್ ಡ್ರೈವರ್ ಹಾಕುವಾಗ ಒಂದು ಪಾಸ್‌ವರ್ಡ್ ಕೇಳತ್ತೆ. ರೀಬೂಟ್ ಆದಾಗ ನೀಲಿ ಪರದೆ ಬರತ್ತೆ, ಅಲ್ಲಿ "ಎನ್‌ರೋಲ್ ಮೋಕ್" (ನಿಮ್ಮ ಕೀ ಸೇರ್ಸೋದು) ಆರಿಸಿ, "ಕಂಟಿನ್ಯೂ", "ಯೆಸ್", ಆಮೇಲೆ ಅದೇ ಪಾಸ್‌ವರ್ಡ್. ಆ ನೀಲಿ ಪರದೆ ಕೆಲವೇ ಸೆಕೆಂಡ್ ಕಾಯತ್ತೆ, ನೀವು ಟೀ ಕುಡಿಯೋಕೆ ಎದ್ದು ಹೋದ್ರೆ ಸುಮ್ನೆ ಮುಂದೆ ಬೂಟ್ ಆಗ್ಬಿಡತ್ತೆ, ಕೀ ಸೇರಲ್ಲ. ತಪ್ಪಿಹೋದ್ರೆ ಮೋಕ್‌ಯುಟಿಲ್ --ಇಂಪೋರ್ಟ್ ಅಂತ ಕೊಟ್ಟು ಆ ಕೀ ಫೈಲ್ ತೋರ್ಸಿ ಮತ್ತೆ ಮಾಡ್ಬಹುದು.

ಲ್ಯಾನ್ ಪೋರ್ಟ್ ಬೂಟ್ ಆದಾಗ ಕೆಲಸ ಮಾಡಲ್ಲ, ಡ್ರೈವರ್ ತೆಗೆದು ಮತ್ತೆ ಹಾಕಿದ್ರೆ ಮಾಡತ್ತೆ. ಡಿಪೆಂಡೆನ್ಸಿ ಎಲ್ಲಾ ಸರಿಯಿದೆ ಅಂತ ಮಾಡ್‌ಪ್ರೋಬ್ ಹೇಳತ್ತೆ

ಇದು ನಂಗೆ ತುಂಬಾ ಇಷ್ಟವಾದ ಪ್ರಶ್ನೆ, ಯಾಕಂದ್ರೆ ಪಟ್ಟಿಯಲ್ಲಿ ಇಲ್ಲದ ಡಿಪೆಂಡೆನ್ಸಿ ಅಂದ್ರೆ ಏನು ಅಂತ ಇದರಲ್ಲಿ ಸ್ಪಷ್ಟ ಕಾಣತ್ತೆ. ನಾನೂ ಒಂದು ಶಾಲೆಯ ಲ್ಯಾಬ್‌ನಲ್ಲಿ ಇದರ ಜೊತೆ ಒಂದು ಮಧ್ಯಾಹ್ನ ಪೂರ್ತಿ ಕಳ್ದಿದೀನಿ, ಕೇಬಲ್ ಬದಲಾಯಿಸಿ, ಸ್ವಿಚ್ ಪೋರ್ಟ್ ಬದಲಾಯಿಸಿ, ಕೊನೆಗೆ ಡಿಮೆಸೇಜ್ ಮೇಲಿಂದ ಓದಿದಾಗ ಸಿಕ್ತು.

ರಿಯಲ್‌ಟೆಕ್ ಗಿಗಾಬಿಟ್ ಲ್ಯಾನ್‌ಗೆ ಡ್ರೈವರ್ ಆರ್‌8169. ಆ ಚಿಪ್‌ನೊಳಗೆ ತಂತಿ ಕಡೆ ನೋಡ್ಕೊಳ್ಳೋ ಭಾಗ ಬೇರೆ, ಅದಕ್ಕೆ ಪಿಎಚ್‌ವೈ ಅಂತಾರೆ, ಅದರ ಡ್ರೈವರ್ ರಿಯಲ್‌ಟೆಕ್ ಅನ್ನೋ ಇನ್ನೊಂದು ಮಾಡ್ಯೂಲ್. ಆರ್‌8169 ಆ ರಿಯಲ್‌ಟೆಕ್ ಮಾಡ್ಯೂಲ್‌ನ ಒಂದು ಸಿಂಬಲ್ಲನ್ನೂ ನೇರ ಬಳಸಲ್ಲ, ಪಿಎಚ್‌ವೈನ ಐಡಿ ಓದಿ "ಈ ಐಡಿಗೆ ಯಾರಿದೀರಿ" ಅಂತ ಓಡ್ತಾ ಓಡ್ತಾ ಕೇಳತ್ತೆ. ಡಿಪ್‌ಮಾಡ್ ಪಟ್ಟಿ ಕಟ್ಟೋದು ಸಿಂಬಲ್ ನೋಡಿ, ಹಾಗಾಗಿ ಅದಕ್ಕೆ ಈ ಸಂಬಂಧ ಕಾಣಲ್ಲ. ಈಗ ಬೂಟ್‌ನ ಶುರುವಿನಲ್ಲಿ ಮೆಮೊರಿಗೆ ಬರೋ ಸಣ್ಣ ಫೈಲ್ ಸಿಸ್ಟಮ್, ಅಂದ್ರೆ ಇನಿಟ್‌ರಾಮ್‌ಎಫ್‌ಎಸ್‌ನಲ್ಲಿ ಆರ್‌8169 ಇದ್ದು ರಿಯಲ್‌ಟೆಕ್ ಇಲ್ಲ ಅಂದ್ರೆ, ಡ್ರೈವರ್ ಅಲ್ಲೇ ಹತ್ತಕ್ಕೆ ಹೋಗಿ, ಜೊತೆಗಾರ ಸಿಗದೆ ಕೈಚೆಲ್ಲತ್ತೆ. ಅದು ಬರೆಯೋ ಸಾಲಲ್ಲಿ "ರಿಯಲ್‌ಟೆಕ್.ಕೆಒನ ಇನಿಟ್‌ರಾಮ್‌ಎಫ್‌ಎಸ್‌ಗೆ ಸೇರಿಸ್ಬೇಕೇನೋ" ಅಂತ ನೇರವಾಗಿ ಸಲಹೇನೇ ಇದೆ, ಆಮೇಲೆ ಎರರ್ ಮೈನಸ್ 49. ಬೂಟ್ ಮುಗಿದ ಮೇಲೆ ನೀವು ತೆಗೆದು ಹಾಕಿದಾಗ ಡಿಸ್ಕ್ ಪೂರ್ತಿ ಸಿಗೋದ್ರಿಂದ ರಿಯಲ್‌ಟೆಕ್ ಸಿಗತ್ತೆ, ಕೆಲಸ ಮಾಡತ್ತೆ.

ಇಂಥಾ ಸಂಬಂಧ ಹೇಳೋಕೇ ಸಾಫ್ಟ್‌ಡೆಪ್ ಅಂತ ಇರೋದು. ಆರ್‌8169ನ ಸೋರ್ಸ್‌ನಲ್ಲೇ "ಪ್ರಿ: ರಿಯಲ್‌ಟೆಕ್" ಅಂತ ಬರ್ದಿದೆ, ಮಾಡ್‌ಇನ್ಫೋದಲ್ಲಿ ಸಾಫ್ಟ್‌ಡೆಪ್ ಸಾಲು ನೋಡಿ. ಆದ್ರೆ ಇನಿಟ್‌ರಾಮ್‌ಎಫ್‌ಎಸ್ ಕಟ್ಟಿದ ಟೂಲ್ ಅದನ್ನ ಗಮನಿಸದೆ ಇದ್ರೆ, ಅಥವಾ ಯಾರೋ ಆರ್‌8169 ಒಂದನ್ನೇ ಕೈಯಾರೆ ಸೇರಿಸಿದ್ರೆ ಹೀಗಾಗತ್ತೆ. ಡೆಬಿಯನ್, ಉಬುಂಟುದಲ್ಲಿ /ಇಟಿಸಿ/ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್/ಮಾಡ್ಯೂಲ್ಸ್ ಫೈಲ್‌ಗೆ ರಿಯಲ್‌ಟೆಕ್ ಅಂತ ಒಂದು ಸಾಲು ಸೇರ್ಸಿ, ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಹೊಡೀರಿ. ಬೇರೆ ಯಾವ್ದೋ ಡ್ರೈವರ್‌ಗೆ ನಿಮಗೇ ಇಂಥಾ ಕ್ರಮ ಬೇಕಿದ್ರೆ /ಇಟಿಸಿ/ಮಾಡ್‌ಪ್ರೋಬ್.ಡಿ ಒಳಗೆ ಒಂದು ಕಾನ್ಫ್ ಫೈಲ್ ಮಾಡಿ "ಸಾಫ್ಟ್‌ಡೆಪ್, ಡ್ರೈವರ್ ಹೆಸರು, ಪ್ರಿ ಕೋಲನ್, ಮೊದಲು ಬರಬೇಕಾದ್ದು" ಅಂತ ಒಂದೇ ಸಾಲಲ್ಲಿ ಬರೀಬಹುದು.

ಹಳೇ ಕಂಪ್ಯೂಟರ್‌ನ ಎಸ್‌ಎಸ್‌ಡಿ ತೆಗೆದು ಹೊಸದಕ್ಕೆ ಹಾಕಿದೆ, ಬೂಟ್ ಆಗ್ತಾ ಇನಿಟ್‌ರಾಮ್‌ಎಫ್‌ಎಸ್ ಅಂತ ಕಪ್ಪು ಪರದೇಲಿ ನಿಂತ್ಬಿಟ್ಟಿದೆ. ಡೇಟಾ ಹೋಯ್ತಾ?

ಡೇಟಾ ಹೋಗಿರಲ್ಲ, ಮೊದಲು ಸಮಾಧಾನ ಮಾಡ್ಕೊಳ್ಳಿ. ಫಾರ್ಮ್ಯಾಟ್ ಮಾಡೋಕೆ ಹೋಗ್ಬೇಡಿ, ಹೀಗೆ ಹೆದರಿ ಫಾರ್ಮ್ಯಾಟ್ ಮಾಡಿ ಮಕ್ಕಳ ಫೋಟೋ ಎಲ್ಲ ಕಳ್ಕೊಂಡವರ ಮಾತು ಕೇಳಿದೀನಿ.

ಡಿಸ್ಕ್ ಓದೋಕೆ ಡ್ರೈವರ್ ಬೇಕು, ಡ್ರೈವರ್ ಇರೋದು ಡಿಸ್ಕ್‌ನಲ್ಲಿ. ಈ ಗಂಟು ಬಿಡಿಸೋಕೆ ಬೂಟ್‌ಲೋಡರ್ ಒಂದು ಸಣ್ಣ ಫೈಲ್ ಸಿಸ್ಟಮ್ಮನ್ನ ಮೆಮೊರಿಗೆ ತರತ್ತೆ, ಅದೇ ಇನಿಟ್‌ರಾಮ್‌ಎಫ್‌ಎಸ್. ಅದರೊಳಗೆ ಯಾವ ಡ್ರೈವರ್ ಇರ್ಬೇಕು ಅನ್ನೋದು ಸೆಟ್ಟಿಂಗ್ ಮೇಲೆ. ಡೆಬಿಯನ್ ಕುಟುಂಬದಲ್ಲಿ ಮಾಡ್ಯೂಲ್ಸ್ ಈಕ್ವಲ್ ಮೋಸ್ಟ್ ಅಂತಿದ್ರೆ ಸಾಮಾನ್ಯವಾಗಿ ಬೇಕಾಗೋ ಡಿಸ್ಕ್ ಡ್ರೈವರ್‌ಗಳೆಲ್ಲ ಇರ್ತವೆ, ಜಾಗ ಉಳಿಸೋಕೆ ಡೆಪ್ ಅಂತ ಮಾಡಿದ್ರೆ ಆ ಹಳೇ ಮಷಿನ್‌ಗೆ ಬೇಕಾದ್ದು ಮಾತ್ರ. ಫೆಡೋರಾದ ಡ್ರಾಕಟ್‌ನಲ್ಲಿ ಹೋಸ್ಟ್‌ಓನ್ಲಿ, ಆರ್ಚ್‌ನಲ್ಲಿ ಆಟೋಡಿಟೆಕ್ಟ್ ಹುಕ್, ಮಾಡೋದು ಅದನ್ನೇ. ಹೊಸ ಮಷಿನ್‌ನ ಕಂಟ್ರೋಲರ್ ಬೇರೆ, ಡ್ರೈವರ್ ಒಳಗಿಲ್ಲ, ರೂಟ್ ಸಿಗದೆ ನಿಂತಿದೆ.

ಗ್ರಬ್ ಮೆನುವಿನಲ್ಲಿ ಫೆಡೋರಾದವರಿಗೆ ರೆಸ್ಕ್ಯೂ, ಆರ್ಚ್‌ನವರಿಗೆ ಫಾಲ್‌ಬ್ಯಾಕ್ ಇದ್ರೆ ಅದರಲ್ಲಿ ಬೂಟ್ ಮಾಡಿ, ಒಳಗೆ ಹೋದ್ಮೇಲೆ ಇನಿಟ್‌ರಾಮ್‌ಎಫ್‌ಎಸ್ ಹೊಸದಾಗಿ ಕಟ್ಟಿ. ಇಲ್ಲ ಅಂದ್ರೆ ಲೈವ್ ಪೆನ್‌ಡ್ರೈವ್‌ನಲ್ಲಿ ಬೂಟ್ ಮಾಡಿ, ಡಿಸ್ಕ್ ಮೌಂಟ್ ಮಾಡಿ, ಡೆವ್, ಪ್ರಾಕ್, ಸಿಸ್ ಮೂರನ್ನೂ ಬೈಂಡ್ ಮಾಡಿ, ಬೂಟ್ ಪಾರ್ಟಿಷನ್ ಬೇರೆ ಇದ್ರೆ ಅದನ್ನೂ ಮೌಂಟ್ ಮಾಡಿ, ಸಿಎಚ್‌ರೂಟ್ ಆಗಿ (ಆ ಡಿಸ್ಕ್‌ನ ಸಿಸ್ಟಮ್‌ನೊಳಗೆ ಹೋಗಿ) ಅದೇ ಕೆಲಸ. ಬೂಟ್ ಪಾರ್ಟಿಷನ್ ಮರೆತವರಿಗೆ ಕಮಾಂಡ್ ಚೆನ್ನಾಗೇ ಓಡತ್ತೆ, ಫೈಲ್ ಮಾತ್ರ ತಪ್ಪು ಜಾಗಕ್ಕೆ ಹೋಗಿರತ್ತೆ. ರೀಬೂಟ್‌ಗೆ ಮುಂಚೆ ಎಲ್‌ಎಸ್‌ಇನಿಟ್‌ರಾಮ್‌ಎಫ್‌ಎಸ್, ಫೆಡೋರಾದಲ್ಲಿ ಎಲ್‌ಎಸ್‌ಇನಿಟ್‌ಆರ್‌ಡಿ, ಆರ್ಚ್‌ನಲ್ಲಿ ಎಲ್‌ಎಸ್‌ಇನಿಟ್‌ಸಿಪಿಐಒ ಹೊಡೆದು ಬೇಕಾದ ಡ್ರೈವರ್ ಒಳಗಿದ್ಯಾ ಅಂತ ಗ್ರೆಪ್ ಮಾಡಿ ನೋಡಿ.

ಕ್ಲೌಡ್ ಸರ್ವರ್‌ನಲ್ಲಿ ಉಬುಂಟು ಇದೆ, ಮನೆ ಮಷಿನ್‌ನಲ್ಲಿರೋ ಮಾಡ್ಯೂಲ್ ಅಲ್ಲಿಲ್ಲ, ಆವೃತ್ತಿ ಒಂದೇ

ಲಿನಕ್ಸ್-ಮಾಡ್ಯೂಲ್ಸ್-ಎಕ್ಸ್‌ಟ್ರಾ ಪ್ಯಾಕೇಜ್ ಹಾಕಿ, ಹೆಸರಿನ ಮುಂದೆ ಕರ್ನಲ್ ಆವೃತ್ತಿ ಸೇರ್ಸಿ. ಕ್ಲೌಡ್ ಇಮೇಜ್‌ಗಳಲ್ಲಿ ಅದನ್ನ ಬಿಟ್ಟಿರ್ತಾರೆ.

ಬ್ಲಾಕ್‌ಲಿಸ್ಟ್ ಮಾಡಿದ ಮಾಡ್ಯೂಲ್ ಆದ್ರೂ ಲೋಡ್ ಆಗ್ತಿದೆ, ಇದು ಬಗ್ಗಾ?

ಬ್ಲಾಕ್‌ಲಿಸ್ಟ್ ಅಂದ್ರೆ "ಹಾರ್ಡ್‌ವೇರ್ ಐಡಿ ನೋಡಿ ತಾನಾಗೇ ಹಾಕ್ಬೇಡ" ಅಂತ ಮಾತ್ರ. ಇನ್ನೊಂದು ಮಾಡ್ಯೂಲ್‌ಗೆ ಅದು ಬೇಕು ಅಂದ್ರೆ ಡಿಪೆಂಡೆನ್ಸಿಯಾಗಿ ಬಂದೇ ಬರತ್ತೆ. ಪೂರ್ತಿ ತಡೀಬೇಕು ಅಂದ್ರೆ "ಇನ್‌ಸ್ಟಾಲ್, ಮಾಡ್ಯೂಲ್ ಹೆಸರು, /ಬಿನ್/ಫಾಲ್ಸ್" ಅಂತ ಬರೀತಾರೆ, ಆಗ ಅದನ್ನ ನಂಬಿದವೂ ಲೋಡ್ ಆಗಲ್ಲ. ಯಾರೋ ಹೇಳಿದ್ರು ಅಂತ ಎರಡು ವರ್ಷದ ಹಿಂದೆ ಹಾಕಿದ ಇಂಥ ಸಾಲು ಇವತ್ತು ಕಾಟ ಕೊಡೋದು ಬೇಕಾದಷ್ಟು ನೋಡಿದೀನಿ, ಕಾರಣ ಸಿಗದ ಕೇಸಲ್ಲಿ /ಇಟಿಸಿ/ಮಾಡ್‌ಪ್ರೋಬ್.ಡಿ ಒಂದ್ಸಲ ಪೂರ್ತಿ ಓದಿ.

## ಡ್ರೈವರ್ ಬರೆಯೋರಿಗೆ, ಬೋರ್ಡ್ ಜೊತೆ ಒದ್ದಾಡೋರಿಗೆ

ನನ್ನ ಎರಡು ಮಾಡ್ಯೂಲ್ ಇದೆ, ಎರಡನೇದು ಮೊದಲನೇದರ ಫಂಕ್ಷನ್ ಕರೆಯತ್ತೆ. ಬಿಲ್ಡ್‌ನಲ್ಲೇ ಮಾಡ್‌ಪೋಸ್ಟ್ (ಸಿಂಬಲ್‌ಗಳನ್ನ ಪರೀಕ್ಷಿಸೋ ಹಂತ) "ಅನ್‌ಡಿಫೈನ್ಡ್" ಅನ್ನತ್ತೆ

ಮೊದಲನೇದು ಬಿಲ್ಡ್ ಆದಾಗ ಮಾಡ್ಯೂಲ್.ಸಿಮ್‌ವರ್ಸ್ ಅಂತ ಫೈಲ್ ಹುಟ್ಟತ್ತೆ, ಅದರಲ್ಲಿ ಎಕ್ಸ್‌ಪೋರ್ಟ್ ಆದ ಸಿಂಬಲ್‌ಗಳು ಇರ್ತವೆ. ಎರಡನೇದರ ಮೇಕ್‌ಫೈಲ್‌ನಲ್ಲಿ ಕೆಬಿಲ್ಡ್_ಎಕ್ಸ್‌ಟ್ರಾ_ಸಿಂಬಲ್ಸ್‌ಗೆ ಆ ಫೈಲ್‌ನ ಪೂರ್ತಿ ಪಾಥ್ ಕೊಡಿ. ಎರಡನ್ನೂ ಮಾಡ್ಯೂಲ್ಸ್_ಇನ್‌ಸ್ಟಾಲ್ ಮಾಡಿ ಡಿಪ್‌ಮಾಡ್ ಓಡಿಸಿದ್ರೆ ಮಾಡ್‌ಪ್ರೋಬ್ ತಾನೇ ಕ್ರಮ ನೋಡ್ಕೊಳ್ಳತ್ತೆ. ಇಲ್ಲಿ ಹೊಸಬರು ಬಿಟ್ಟುಬಿಡೋದು ಎಕ್ಸ್‌ಪೋರ್ಟ್ ಸಾಲನ್ನೇ, ಫಂಕ್ಷನ್ ಸ್ಟ್ಯಾಟಿಕ್ ಅಲ್ಲ ಅನ್ನೋದಷ್ಟೇ ಸಾಲಲ್ಲ.

ಫಂಕ್ಷನ್ ಕರ್ನಲ್‌ನಲ್ಲಿ ಇದೆ, ಸೋರ್ಸ್‌ನಲ್ಲಿ ಕಣ್ಣಾರೆ ನೋಡಿದೆ, ಆದ್ರೂ ನಂಗೆ ಸಿಗಲ್ಲ ಅಂತದೆ

ಮೂರು ಕಾರಣ ಇರಬಹುದು. ಅದು ಎಕ್ಸ್‌ಪೋರ್ಟೇ ಆಗಿಲ್ಲ. ಅಥವಾ ಎಕ್ಸ್‌ಪೋರ್ಟ್_ಸಿಂಬಲ್_ಜಿಪಿಎಲ್ ಅಂತ ಆಗಿದೆ, ನಿಮ್ಮ ಮಾಡ್ಯೂಲ್‌ನ ಲೈಸೆನ್ಸ್ ಜಿಪಿಎಲ್ (ಲಿನಕ್ಸ್ ಕರ್ನಲ್‌ನ ಮುಕ್ತ ಲೈಸೆನ್ಸ್) ಜೊತೆ ಹೊಂದಲ್ಲ. ಲೈಸೆನ್ಸ್ ಸಾಲನ್ನ ಸುಮ್ನೆ ಜಿಪಿಎಲ್ ಅಂತ ಬದಲಾಯಿಸಿ ಅಂತ ಸಲಹೆ ಕೊಡೋರಿದಾರೆ, ಕೋಡನ್ನ ನಿಜವಾಗ್ಲೂ ಜಿಪಿಎಲ್‌ನಲ್ಲಿ ಕೊಡೋ ಮನಸ್ಸಿದ್ರೆ ಮಾತ್ರ ಹಾಗೆ ಬರೀರಿ, ಅದು ಬೇರೆಯವರ ಶ್ರಮಕ್ಕೆ ಕೊಡೋ ಮಾತು.

ಮೂರನೇದು ನೇಮ್‌ಸ್ಪೇಸ್ (ಸಿಂಬಲ್‌ಗಳನ್ನ ಹೆಸರಿಟ್ಟು ಗುಂಪು ಮಾಡೋದು), 5.4 ಕರ್ನಲ್‌ನಲ್ಲಿ ಬಂತು. ಸಿಂಬಲ್ ಒಂದು ನೇಮ್‌ಸ್ಪೇಸ್‌ನಲ್ಲಿದ್ರೆ ಮಾಡ್ಯೂಲ್_ಇಂಪೋರ್ಟ್_ಎನ್‌ಎಸ್ ಅಂತ ಹೇಳಿ ತಗೋಬೇಕು. 6.13ರಿಂದ ಆ ಹೆಸರನ್ನ ಕೋಟ್ಸ್ ಒಳಗೆ ಸ್ಟ್ರಿಂಗ್ ಆಗಿ ಕೊಡ್ಬೇಕು, ಮುಂಚೆ ಕೋಟ್ಸ್ ಇಲ್ದೆ ಕೊಡ್ತಿದ್ವಿ. ಹೊರಗಿನ ಡ್ರೈವರ್ ಹೊಸ ಕರ್ನಲ್‌ನಲ್ಲಿ ಇದ್ದಕ್ಕಿದ್ದ ಹಾಗೆ ಬಿಲ್ಡ್ ಆಗದಿದ್ರೆ ಇದನ್ನೂ ನೋಡಿ.

ಡಿಪ್‌ಮಾಡ್ "ಸೈಕಲ್ ಡಿಟೆಕ್ಟೆಡ್" ಅಂತ ಬೈತಿದೆ

ಎ ಮಾಡ್ಯೂಲ್‌ಗೆ ಬಿ ಬೇಕು, ಬಿಗೆ ಎ ಬೇಕು, ಯಾವುದನ್ನ ಮೊದಲು ಹಾಕೋದು? ಲೋಡ್ ಮಾಡೋ ಕಡೆ ಇದಕ್ಕೆ ಮದ್ದಿಲ್ಲ, ಕೋಡ್ ಬದಲಾಯಿಸಲೇಬೇಕು. ಇಬ್ಬರಿಗೂ ಬೇಕಾದ್ದನ್ನ ಮೂರನೇ ಮಾಡ್ಯೂಲ್‌ಗೆ ತೆಗೀರಿ, ಇಲ್ಲಾ ಎರಡನ್ನೂ ಒಂದೇ ಕೆಒ ಮಾಡಿ, ಇಲ್ಲಾ ಬಿ ಬಂದಾಗ ಎ ಹತ್ರ ಹೋಗಿ ಕಾಲ್‌ಬ್ಯಾಕ್ ನೋಂದಾಯಿಸೋ ಹಾಗೆ ಮಾಡಿ. ನಾನಾದ್ರೆ ಮೂರನೇ ಮಾಡ್ಯೂಲ್ ದಾರಿ ಹಿಡೀತೀನಿ, ಓದೋರಿಗೂ ಸುಲಭ.

ಬೋರ್ಡ್‌ನಲ್ಲಿ "ಎರರ್ ಮೈನಸ್ 517" ಅಂತ ಬರ್ತಾನೇ ಇರತ್ತೆ, ಯಾವ ಪಟ್ಟಿಯಲ್ಲೂ ಈ ನಂಬರ್ ಸಿಗ್ತಿಲ್ಲ

517 ಕರ್ನಲ್ ತನ್ನೊಳಗೇ ಇಟ್ಕೊಂಡಿರೋ ಸಂಖ್ಯೆ, ಹೆಸರು ಇಪ್ರೋಬ್_ಡಿಫರ್. "ನಾನು ಬರೋಕೆ ರೆಡಿ, ಆದ್ರೆ ನಂಗೆ ಬೇಕಾದವರು ಇನ್ನೂ ಬಂದಿಲ್ಲ, ಆಮೇಲೆ ಕರೀರಿ" ಅಂತ ಡ್ರೈವರ್ ಹೇಳೋ ಮಾತು. 2012ರ 3.4 ಕರ್ನಲ್‌ನಲ್ಲಿ ಈ ವ್ಯವಸ್ಥೆ ಬಂತು. ಎಆರ್‌ಎಂ ಬೋರ್ಡ್‌ಗಳಲ್ಲಿ ಒಂದು ಸಾಮಾನಿಗೆ ಕ್ಲಾಕು, ರೆಗ್ಯುಲೇಟರು, ಜಿಪಿಐಒ ಎಲ್ಲಾ ಬೇರೆ ಬೇರೆ ಡ್ರೈವರ್‌ಗಳಿಂದ ಬರಬೇಕು, ಯಾರು ಮೊದಲು ಅಂತ ಮುಂಚೆನೇ ಗೊತ್ತಿರಲ್ಲ. ಮುಂದೂಡಿದವರನ್ನ ಕರ್ನಲ್ ಒಂದು ಸಾಲಲ್ಲಿ ನಿಲ್ಲಿಸ್ಕೊಂಡಿರತ್ತೆ, ಹೊಸದಾಗಿ ಯಾವ ಡ್ರೈವರ್ ಹತ್ತಿದ್ರೂ ಸಾಲನ್ನ ಮತ್ತೆ ಕರೆಯತ್ತೆ. ಹಾಗಾಗಿ ಬೂಟ್‌ನಲ್ಲಿ ಎರಡು ಮೂರು ಸಲ 517 ಬಂದು ಆಮೇಲೆ ಡಿವೈಸ್ ಬಂದ್ರೆ ಏನೂ ತೊಂದ್ರೆ ಇಲ್ಲ. ಕೊನೇವರೆಗೂ ಬರಲೇ ಇಲ್ಲ ಅಂದ್ರೆ ಅದು ಕಾಯ್ತಿರೋರು ಊರಲ್ಲೇ ಇಲ್ಲ.

ಯಾರು ಇನ್ನೂ ಕಾಯ್ತಿದಾರೆ ಅಂತ ನೋಡೋಕೆ ಡೀಬಗ್‌ಎಫ್‌ಎಸ್ ಮೌಂಟ್ ಆಗಿರ್ಬೇಕು, ಆಮೇಲೆ ಸುಡೊ ಕ್ಯಾಟ್ /ಸಿಸ್/ಕರ್ನಲ್/ಡೀಬಗ್/ಡಿವೈಸಸ್_ಡಿಫರ್ಡ್. ಒಬ್ಬ ವಿದ್ಯಾರ್ಥಿ ತಾನೇ ಕಟ್ಟಿದ ಕರ್ನಲ್‌ನಲ್ಲಿ ಸ್ಪೀಕರ್ ಬರ್ತಿಲ್ಲ ಅಂತ ಒಂದು ವಾರ ಒದ್ದಾಡಿದ್ದ, ಡಿವೈಸ್ ಟ್ರೀ (ಬೋರ್ಡ್‌ನಲ್ಲಿ ಏನೇನಿದೆ ಅಂತ ಕರ್ನಲ್‌ಗೆ ಹೇಳೋ ಫೈಲ್) ಹತ್ತು ಸಲ ತಿದ್ದಿದ್ದ. ಆ ಫೈಲ್ ತೆಗೆಸಿದ್ರೆ "ಸೌಂಡ್" ಅನ್ನೋ ಒಂದೇ ಹೆಸರಿತ್ತು. ಡಿವೈಸ್ ಟ್ರೀಯಲ್ಲಿ ಸೌಂಡ್ ಕಾರ್ಡ್ ಬೊಟ್ಟು ಮಾಡ್ತಿದ್ದಿದ್ದು ಮ್ಯಾಕ್ಸ್98357ಎ ಅನ್ನೋ ಸಣ್ಣ ಆಂಪ್ಲಿಫೈಯರ್ ಕಡೆ, ಅದರ ಡ್ರೈವರ್ ಅವನ ಕಾನ್ಫಿಗ್‌ನಲ್ಲಿ "ನಾಟ್ ಸೆಟ್" ಆಗಿತ್ತು. ಸಿಂಪಲ್ ಸೌಂಡ್ ಕಾರ್ಡ್ ಡ್ರೈವರ್‌ಗೆ ಯಾವ ಚಿಪ್ ಸಿಗತ್ತೆ ಅಂತ ಬಿಲ್ಡ್ ಹೊತ್ತಲ್ಲಿ ಗೊತ್ತಿಲ್ಲ, ಹಾಗಾಗಿ ಮೆನುಕಾನ್ಫಿಗ್ ಅದನ್ನ ತಾನಾಗಿ ಆರಿಸಿರಲ್ಲ, ಮಾಡ್‌ಪ್ರೋಬ್‌ಗೂ ಸಿಂಬಲ್ ಸಂಬಂಧ ಕಾಣಲ್ಲ. ಆ ಒಂದು ಆಪ್ಷನ್‌ಗೆ ಎಂ ಕೊಟ್ಟು ಮಾಡ್ಯೂಲ್‌ಗಳನ್ನ ಮತ್ತೆ ಕಟ್ಟಿ ಹಾಕಿ ಬೂಟ್ ಮಾಡಿದ, ಫೈಲ್ ಖಾಲಿ ಇತ್ತು, ಎಪ್ಲೇ -ಎಲ್ ಹೊಡೆದ್ರೆ ಕಾರ್ಡ್ ಸೊನ್ನೆ ಅಂತ ಬಂತು.